ಕೇರಿತುಂಬ ಮೇಷ್ಟ್ರು, ಒಬ್ಬಳೇ ವಿದ್ಯಾರ್ಥಿನಿ

ಬೆಳಗಿನ ಗಂಟೆ ಹೊಡೆದರೆ ಸಾಕು, ತರಬೇತಿ ಕೇಂದ್ರದ ಗೇಟಿನಲ್ಲಿ ಮೇಷ್ಟ್ರುಗಳ ನೂಕುನುಗ್ಗಲು. ಅತ್ತೆ ಬಂದಳು, ಮೈದುನ ಬಂದ, ಎದುರುಮನೆಯ ಗೊಣಗ ಬಂದ, ಗೊಣಗನ ಹೆಂಡತಿ ಬಂದಳು, ಆ ಮನೆಯವರು, ಈ ಮನೆಯವರು, ಕೇರಿಗೆ ಕೇರಿಯೇ ಬಂತು. ಎಲ್ಲರ ಕೊರಳಲ್ಲೂ ಗುರುತಿನ ಚೀಟಿ, ಎಲ್ಲರ ಚೀಟಿಯಲ್ಲೂ ‘ಬೋಧಕರು’. ಇವರೆಲ್ಲ ಒಳಗೆ ಹೋಗಿ, ನೀಲಿ ಗೋಡೆಗೆ ಒತ್ತಿದ ಹಾಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಕೆಮ್ಮಿ, ಗಂಟಲು ಸರಿಮಾಡಿಕೊಂಡ ಮೇಲೆ, ನಡುವಿನ ಚಾಪೆಯ ಮೇಲೆ ಕಲಿಯಲು ಕೂರುವವಳು ಒಬ್ಬಳೇ ಒಬ್ಬಳು. ಅವಳೇ ಅತ್ತಿಗೆ. ಅವಳ ಗಂಡ ಕೇರಿಗೆಲ್ಲ ಅಣ್ಣ, ಹಾಗಾಗಿ ಅವಳು ಕೇರಿಗೆಲ್ಲ ಅತ್ತಿಗೆ. ಆ ಅಣ್ಣನೇ ಅಲ್ಲಿನ ಮುಖ್ಯ ಬೋಧಕ.

ಇದೇನು ಹುಚ್ಚಾಟ ಅಂತ ಮೂಗು ಮುರಿಯಬೇಡಿ. ಹುಚ್ಚು ಯಾರಿಗೂ ಒಂದೇ ದಿನಕ್ಕೆ ಹಿಡಿಯುವುದಿಲ್ಲ. ಒಳ್ಳೆಯ ಉದ್ದೇಶದ ಕೈ ಹಿಡಿದುಕೊಂಡು, ಚಪ್ಪಲಿ ಹೊರಗೆ ಬಿಟ್ಟು, ಮರ್ಯಾದೆಯಿಂದಲೇ ಮನೆಯೊಳಗೆ ಬರುತ್ತದೆ.

ಆ ಗುಡ್ಡದ ಬುಡದ ಜನ ಬೆತ್ತದವರು. ರಸ್ತೆ ಬರುವ ಮೊದಲು, ರಸ್ತೆ ಹಾಕಿದವರು ಹುಟ್ಟುವ ಮೊದಲು, ಅಲ್ಲಿ ಬೆತ್ತ ಸೀಳಿ ಬುಟ್ಟಿ ಹೆಣೆಯುತ್ತಿದ್ದವರು. ಅವರಲ್ಲೊಂದು ಹಳೇ ಕಟ್ಟಳೆ ಇತ್ತು. ಬುಟ್ಟಿ ಹೆಣೆಯಲು ಬಂದರೆ ಕಲಿತ ಹಾಗಲ್ಲ. ಕೆಲಸವನ್ನು ಇನ್ನೊಬ್ಬರ ಕೈಗೆ ದಾಟಿಸಿದಾಗಲೇ ಕಲಿತ ಹಾಗೆ, ಅಲ್ಲಿವರೆಗೆ ಅದು ಎರವಲು ತಂದದ್ದು. ಸುಮ್ಮನೆ ತಮ್ಮ ಪಾಡಿಗೆ ತಾವು ಪಾಲಿಸಿಕೊಂಡು ಬಂದಿದ್ದ ಮಾತು. ಅಲ್ಲಿಗೆ ‘ಮೂಲನಿವಾಸಿ ಕೌಶಲ ತರಬೇತಿ ಮತ್ತು ಉದ್ಯೋಗ ಕೇಂದ್ರ’ ಅಂತ ಬೋರ್ಡು ಹೊತ್ತುಕೊಂಡು ಡೈರೆಕ್ಟರ್ ಸಾಹೇಬರು ಬಂದರು. ಒಳ್ಳೆಯ ಮನುಷ್ಯ, ಬೇಗ ಕಣ್ಣೀರು ಬರುವ ಜಾತಿ. ಈ ಕಟ್ಟಳೆ ಕೇಳಿ ಕಣ್ಣೊರೆಸಿಕೊಂಡರು. “ಇದನ್ನೇ ನಿಯಮ ಮಾಡ್ತೀನಿ,” ಅಂದರು. ಮಾಡಿಯೇಬಿಟ್ಟರು.

ಆಮೇಲೆ ನೋಡಿ. ಪಾಸಾಗಬೇಕಾದರೆ ಇನ್ನೊಬ್ಬರಿಗೆ ಕಲಿಸಬೇಕು. ಕಲಿಸುವವನು ಬೋಧಕ. ಬೋಧಕನಿಗೆ ಸಂಬಳ. ಅಂದರೆ ಪಾಸಾದವರಿಗೆಲ್ಲ ಕೆಲಸ, ಅದೇ ಕಟ್ಟಡದಲ್ಲಿ, ಅದೇ ಕುರ್ಚಿಯಲ್ಲಿ. ತರಬೇತಿ ಪಡೆದವರಲ್ಲಿ ಕೆಲಸ ಸಿಗದವರು ಒಬ್ಬರೂ ಇಲ್ಲ! ಮೇಲಿನ ಕಚೇರಿಯವರು ಈ ಯಶಸ್ಸು ಕಂಡು ದಂಗಾದರು. ಕೇರಿಯವರೂ ದಂಗಾದರು, ಆದರೆ ಬಾಯಿ ಬಿಡಲಿಲ್ಲ. ಹಾಲು ಕೊಡುವ ಹಸುವಿನ ಹಲ್ಲು ಎಣಿಸುವವರು ಯಾರು? ಎಲ್ಲರೂ ಬುಟ್ಟಿ ಹೆಣೆಯುವುದನ್ನು ಕಲಿಸುವುದರಲ್ಲಿ ಮುಳುಗಿದ್ದರಿಂದ ಬುಟ್ಟಿ ಹೆಣೆಯುವವರೇ ಇಲ್ಲವಾಗಿ, ಮನೆಮನೆಗೂ ಸಂತೆಯಿಂದ ಪ್ಲಾಸ್ಟಿಕ್ ಬುಟ್ಟಿ ಬಂದವು.

ಅತ್ತಿಗೆ ಮಾತ್ರ ಉಳಿದಳು. ಪ್ರತಿ ತಂಡಕ್ಕೂ “ನೀನು ಮುಂದಿನ ಸಲ ಹೋಗುವಿಯಂತೆ, ಮನೆಯಲ್ಲಿ ಯಾರಿರ್ತಾರೆ?” ಅಂದರು. ಇಷ್ಟು ಜನ ಮೇಷ್ಟ್ರುಗಳಿಗೆ ಅನ್ನ ಬೇಯಿಸಿ ಹಾಕುವವರು ಬೇಕಲ್ಲ! ಕೊನೆಗೆ ಮುಂದಿನ ಸಲ ಬಂದಾಗ ಕೇರಿಯಲ್ಲಿ ಕೇಂದ್ರದ ಪಾಠ ಕಲಿಯದೆ ಉಳಿದವಳು ಅವಳೊಬ್ಬಳೇ. ಕೇರಿಯ ಮೇಷ್ಟ್ರುಗಳೆಲ್ಲ ಹಸಿದ ಸೊಳ್ಳೆಗಳಂತೆ ಅವಳ ಮೇಲೆ ಬಿದ್ದರು.

ಅತ್ತೆಯದು ಬೆತ್ತ ನೆನೆಹಾಕುವ ಪಾಠ. ತೊಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು ನೀರನ್ನೇ ನೋಡುತ್ತ ಕೂರುತ್ತಿದ್ದಳು. ಗೊಣಗನ ಹೆಂಡತಿಯದು ಕತ್ತಿ ಹಿಡಿಯುವ ಪಾಠ. ಗೊಣಗನಿಗೆ ಸಿಕ್ಕಿದ್ದು ಆತ್ಮವಿಶ್ವಾಸ. “ಏನೂ ಆಗಲ್ಲ ಬಿಡಿ ಅತ್ತಿಗೆ, ನಮ್ಮಂಥೋರ ಕೈಲಿ ಏನಾಗುತ್ತೆ,” ಅಂತ ಶುರುಮಾಡಿದರೆ ಗಂಟೆ ಹೊಡೆಯುವವರೆಗೂ ನಿಲ್ಲಿಸುತ್ತಿರಲಿಲ್ಲ. ಮೈದುನನದು ಬಿಚ್ಚುವ ಪಾಠ. ಕೇಂದ್ರಕ್ಕೆ ಬರುವುದು ಒಂದೇ ಕಟ್ಟು ಬೆತ್ತ. ಹಾಗಾಗಿ ಹೆಣೆದದ್ದನ್ನೆಲ್ಲ ಸಂಜೆ ಬಿಚ್ಚಿ, ನೇರಮಾಡಿ, ನಾಳೆಗೆ ಇಡಬೇಕು. ಅತ್ತಿಗೆಗೆ ಹೊಟ್ಟೆ ಉರಿಯುತ್ತಿದ್ದುದು ಅಲ್ಲೇ. ಬೆಳಗಿನಿಂದ ಬೆರಳು ಸವೆಸಿ ಎಬ್ಬಿಸಿದ ಬುಟ್ಟಿ ಸಂಜೆಗೆ ಮತ್ತೆ ಬರೀ ಕಡ್ಡಿ. “ಇದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳೋದು ವಾಸಿ ಕಣೋ, ಗುರುತಾದರೂ ಉಳಿಯುತ್ತೆ,” ಅಂತ ಒಂದು ದಿನ ಮೈದುನನಿಗೆ ಅಂದೇಬಿಟ್ಟಳು. ಅವನು “ಅಯ್ಯೋ ಅತ್ತಿಗೆ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ,” ಅಂದ.

ಇನ್ನು ಅಣ್ಣ. ಅಣ್ಣ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಾಲ್ ತುಂಬ ಓಡಾಡುತ್ತಿದ್ದ. “ಹೂಂ. ಬಿಗಿ ಸಾಲದು. ಹೂಂ. ಇಲ್ಲಿ ಜೀವ ಇಲ್ಲ,” ಅನ್ನುತ್ತಿದ್ದ. ಕೇಳಿದವರು ತಲೆದೂಗುತ್ತಿದ್ದರು. ಅತ್ತಿಗೆ ತಲೆ ಎತ್ತುತ್ತಿರಲಿಲ್ಲ. ಯಾಕಂದರೆ ಅವಳಿಗೊಂದು ವಿಷಯ ಗೊತ್ತಿತ್ತು: ತನ್ನ ಗಂಡನಿಗೆ ಬುಟ್ಟಿ ಹೆಣೆಯಲು ಬರುವುದಿಲ್ಲ.

ಚೂರೂ ಬರುವುದಿಲ್ಲ. ಚಿಕ್ಕವನಿದ್ದಾಗಿನಿಂದ ಅವನ ಮಾತು ಜೇನು, ಹಾಗಾಗಿ ಮನೆಯವರು ಅವನನ್ನು ಬುಟ್ಟಿ ಮಾರಲು ಸಂತೆಗೆ ಕಳಿಸಿದರು. ಮೊದಲು ತಾಯಿ ಹೆಣೆದದ್ದು ಮಾರಿದ, ಮದುವೆಯಾದ ಮೇಲೆ ಹೆಂಡತಿ ಹೆಣೆದದ್ದು ಮಾರಿದ. ಕೊಳ್ಳುವವರು “ಎಂಥಾ ಕೈ ಮಾರಾಯಾ ನಿಂದು!” ಅಂದರೆ ಹಲ್ಲು ಬಿಟ್ಟು ನಗುತ್ತಿದ್ದ, ಅಲ್ಲ ಅನ್ನುತ್ತಿರಲಿಲ್ಲ. ಕೇಂದ್ರ ಶುರುವಾದಾಗ ಡೈರೆಕ್ಟರ್ ಸಾಹೇಬರು ಸಂತೆಯಲ್ಲಿ ಒಂದು ಬುಟ್ಟಿ ಹಿಡಿದು “ಇದು ಹೆಣೆದವರೇ ಮುಖ್ಯ ಬೋಧಕರಾಗಬೇಕು,” ಅಂದರು. ಅದು ಅತ್ತಿಗೆಯ ಬುಟ್ಟಿ. ಅಣ್ಣ ಬುಟ್ಟಿ ಕಡೆ ನೋಡಿದ, ಸಾಹೇಬರ ಕಡೆ ನೋಡಿದ, ಹಲ್ಲು ಬಿಟ್ಟು ನಕ್ಕ. ಅಷ್ಟೇ ಆದದ್ದು. ಪರೀಕ್ಷೆ ಮಾಡುವವನನ್ನು ಪರೀಕ್ಷೆ ಮಾಡುವವರು ಯಾರು? ಅತ್ತಿಗೆ ಆ ಮಾತನ್ನು ಗಂಟಲಲ್ಲಿ ಬಿಸಿತುಪ್ಪದ ಹಾಗೆ ಇಟ್ಟುಕೊಂಡಳು, ಉಗುಳಲಿಲ್ಲ, ನುಂಗಲಿಲ್ಲ.

ಹೀಗಿರುವಾಗ ಪೇಟೆಯಲ್ಲಿ ಅವಳ ಅದೃಷ್ಟ ಒಂದು ಹರಿದ ಕುರ್ಚಿಯ ರೂಪದಲ್ಲಿ ಕಾಣಿಸಿತು. ಬಸ್ ನಿಲ್ದಾಣದ ಪಕ್ಕ ಬೆತ್ತದ ಕುರ್ಚಿ ಮಾಡುವ ಅಂಗಡಿ. ಬಸ್ಸಿಗೆ ಕಾಯುತ್ತ ಅದರ ಮೆಟ್ಟಿಲ ಮೇಲೆ ಕೂತಿದ್ದವಳು, ಪಕ್ಕದಲ್ಲಿ ತೂತುಬಿದ್ದ ಕುರ್ಚಿ ನೋಡಿ ಕೈ ತಡೆಯದೆ ಅಲ್ಲೇ ಬಿದ್ದಿದ್ದ ಬೆತ್ತ ತೆಗೆದು ಹೆಣೆದುಬಿಟ್ಟಳು. ಅಂಗಡಿಯ ಯಜಮಾನಿ ಹೊರಗೆ ಬಂದವಳು ಕುರ್ಚಿ ಮೇಲೆ ಕೂತು ನೋಡಿದಳು. ಆಮೇಲೆ ಎದ್ದು, ಮತ್ತೆ ಕೂತಳು.

“ಸೋಮವಾರದಿಂದ ಬಾರಮ್ಮ. ಸರ್ಟಿಫಿಕೇಟ್ ಒಂದು ತಗೊಂಡು ಬಾ. ದೊಡ್ಡ ದೊಡ್ಡ ಕಚೇರಿಗೆ ಕುರ್ಚಿ ಕೊಡ್ತೀವಿ, ಅವರು ಕಾಗದ ಇಲ್ಲದೆ ಒಳಗೆ ಬಿಡಲ್ಲ. ಸೋಮವಾರ ಬರದಿದ್ರೆ ಬೇರೆಯೋರನ್ನ ನೋಡ್ಕೋತೀನಿ, ಬೇಜಾರು ಮಾಡ್ಕೋಬೇಡ.”

“ಇಲ್ಲಿ ಹೆಣೆದದ್ದನ್ನ ಸಂಜೆ ಬಿಚ್ತೀರಾ?” ಅಂತ ಕೇಳಿದಳು ಅತ್ತಿಗೆ.

ಯಜಮಾನಿ ಅವಳ ಮುಖವನ್ನೇ ನೋಡಿದಳು. “ಯಾಕಮ್ಮಾ, ಹುಷಾರಾಗಿದ್ದೀಯ ತಾನೆ?”

ಅತ್ತಿಗೆ ಆ ದಿನ ಬಸ್ಸಿನಲ್ಲಿ ಮನೆಗೆ ಬಂದಳೋ ಹಾರಿ ಬಂದಳೋ ಅವಳಿಗೇ ತಿಳಿಯಲಿಲ್ಲ. ತಾನು ಮಾಡಿದ್ದು ಮಾಡಿದಂತೆಯೇ ಉಳಿದು, ಬಾಗಿಲು ದಾಟಿ ಹೋಗಿ, ಯಾರೋ ಅದರ ಮೇಲೆ ಕೂರುತ್ತಾರೆ. ಇಷ್ಟೇ ಅವಳಿಗೆ ಬೇಕಾದದ್ದು. ಇಷ್ಟಕ್ಕಾಗಿ ಅವಳ ಜೀವ ಎಷ್ಟು ಹಾತೊರೆಯುತ್ತಿತ್ತು ಅನ್ನುವುದು ಅವಳಿಗೂ ಆ ಸಂಜೆಯೇ ಗೊತ್ತಾದದ್ದು.

ಮನೆಯಲ್ಲಿ ಹೇಳಿದಾಗ ಕೋಳಿಗೂಡಿಗೆ ಬೆಕ್ಕು ನುಗ್ಗಿದ ಹಾಗಾಯಿತು.

“ನೀನು ಪಾಸಾಗಿ ಹೊರಟರೆ ನಾವು ಯಾರಿಗೆ ಕಲಿಸೋಣ? ಗೋಡೆಗಾ?” ಅಂದ ಅಣ್ಣ.

“ಕಡೇ ಪಕ್ಷ ವಕ್ರವಾಗಿ ಹೆಣಿಯೇ ತಾಯಿ, ಫೇಲಾಗು,” ಅಂದಳು ಅತ್ತೆ.

“ಪ್ರಯತ್ನ ಮಾಡಿದೆ ಅತ್ತೆ, ಕೈ ಕೇಳಲ್ಲ,” ಅಂದಳು ಅತ್ತಿಗೆ. ನಿಜವೇ. ಅವಳ ಕೈ ಅವಳ ಮಾತನ್ನೇ ಕೇಳುತ್ತಿರಲಿಲ್ಲ.

ಮರುದಿನ ಡೈರೆಕ್ಟರ್ ಸಾಹೇಬರ ಮುಂದೆ ನಿಂತಳು. ಸಾಹೇಬರು ಅವಳ ಬುಟ್ಟಿಯನ್ನು ತಿರುಗಿಸಿ ನೋಡಿ ಕರವಸ್ತ್ರ ತೆಗೆದರು. “ಅತ್ತಿಗೆಯೋರೇ, ಕೈಗೆ ನೂರಕ್ಕೆ ನೂರು. ಆದರೆ ನಿಯಮ? ನೀವು ಒಬ್ಬರಿಗೆ ಕಲಿಸಬೇಕು. ಕಲಿಯದೇ ಇರೋರು ಯಾರೂ ಉಳಿದಿಲ್ಲ. ನಿಮ್ಮದೇ ಸಂಪ್ರದಾಯ, ನಾನು ಹೇಗೆ ಮುರೀಲಿ?” ಹೀಗೆ ಸಾಹೇಬರು ಸಂಪ್ರದಾಯಕ್ಕೆ ಕೊಟ್ಟ ಮರ್ಯಾದೆಯೇ ಅವಳಿಗೆ ಉರುಳಾಯಿತು. ಫೇಲಾಗಲು ಕೈ ಬಿಡದು, ಪಾಸಾಗಲು ನಿಯಮ ಬಿಡದು. ಅತ್ತಿಗೆ ಅತ್ತ ದರಿ ಇತ್ತ ಪುಲಿ ಅಂತ ನಿಂತಳು. ಕೇರಿಯವರು ಮಾತ್ರ ಒಳಗೊಳಗೇ ‘ಸದ್ಯ’ ಅಂದುಕೊಂಡರು.

ಆದರೆ ಆ ಸಂತೋಷಕ್ಕೆ ಆಯುಸ್ಸು ಕಮ್ಮಿ. ಆ ಬುಧವಾರ ‘ಯಶಸ್ಸಿನ ದಿನ’ಕ್ಕೆ ಮೇಲಿನ ಕಚೇರಿಯ ಮೇಡಂ ಬರುವವರಿದ್ದರು. ಪಾಸೇ ಆಗದ ಒಬ್ಬಳು ವಿದ್ಯಾರ್ಥಿನಿ ಅಂದರೆ ಬಿಳೀ ಗೋಡೆಯ ಮೇಲೆ ಎಣ್ಣೆ ಕಲೆ. ಅವಳು ಪಾಸಾಗಲೇಬೇಕು, ಕೇಂದ್ರ ಉಳಿಯಬೇಕಾದರೆ ಇನ್ನೊಬ್ಬ ವಿದ್ಯಾರ್ಥಿಯೂ ಸಿಗಬೇಕು. ಎರಡಕ್ಕೂ ಮದ್ದು ಒಂದೇ, ಬುಟ್ಟಿ ಹೆಣೆಯಲು ಬಾರದ ಒಬ್ಬ ಮನುಷ್ಯ.

“ನಿಮ್ಮಲ್ಲಿ ಯಾರಿಗಾದರೂ ಮರೆತು ಹೋಗಿದೆಯಾ?” ಅಂತ ಸಾಹೇಬರು ಕೈಮುಗಿದು ಕೇಳಿದರು.

ಅಬ್ಬಾ, ಆಗ ನೋಡಬೇಕಿತ್ತು! ನನಗೆ ಮರೆತಿದೆ, ನನಗೆ ಮರೆತಿದೆ ಅಂತ ಎಲ್ಲರ ಕೈ ಮೇಲೆ. ಊರನ್ನು ಉಳಿಸಿದ ದಡ್ಡ ಅನ್ನಿಸಿಕೊಳ್ಳಲು ಪೈಪೋಟಿ. ಮರೆವಿಗೂ ಪರೀಕ್ಷೆ ಇಟ್ಟರು, ಅಧ್ಯಕ್ಷತೆ ಮುಖ್ಯ ಬೋಧಕ ಅಣ್ಣನದು. ಮೊದಲು ಗೊಣಗ ಕೂತ. “ನನಗೆ ಬೆತ್ತ ಅಂದ್ರೇನು ಅಂತಾನೇ ಗೊತ್ತಿಲ್ಲ, ಈ ಜನ್ಮದಲ್ಲಿ ನನಗೇನೂ ಗೊತ್ತಾಗಲಿಲ್ಲ,” ಅಂತ ಗೊಣಗುತ್ತಲೇ ಇದ್ದ; ಅವನ ಕೈಯಲ್ಲಿ ಬುಡ ಮುಗಿದು ಕಡ್ಡಿಗಳು ಎದ್ದು ನಿಂತಿದ್ದವು. ಮೈದುನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ. ಇನ್ನೂ ಚೆನ್ನಾಗಿ ಬಂತು. ಗೊಣಗನ ಹೆಂಡತಿ ಎಡಗೈಯಲ್ಲಿ ಹೆಣೆದಳು. ಎಡಗೈಯಲ್ಲೂ ಬರುತ್ತದೆ ಅಂತ ಅವಳಿಗೇ ಗೊತ್ತಿರಲಿಲ್ಲ, ಖುಷಿಯಿಂದ ಕಿರುಚಿ ಬೈಸಿಕೊಂಡಳು. ಅತ್ತೆಯಂತೂ ಪಕ್ಕದವಳಿಗೆ ಮೊಣಕಾಲು ನೋವಿನ ಕಥೆ ಹೇಳುತ್ತ, ಕೆಳಗೆ ನೋಡದೆಯೇ ಅಂಚು ಕಟ್ಟಿ ಮುಗಿಸಿಬಿಟ್ಟಳು. ಮರೆವಿನ ಪರೀಕ್ಷೆಯಲ್ಲಿ ಇಡೀ ಕೇರಿ ಫೇಲ್.

ಅಣ್ಣ ಅವರ ನಡುವೆ ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿದ್ದ. “ಹೂಂ. ಬಿಗಿಯಾಗಿದೆ. ತಪ್ಪು. ಹೂಂ. ಜೀವ ಇದೆ. ಛೆ!”

ಅತ್ತಿಗೆ ಗೋಡೆಗೆ ಒರಗಿ ಅವನನ್ನೇ ನೋಡಿದಳು. ಒಂದು ಮಾತು, ಒಂದೇ ಮಾತು ಹೇಳಿದರೆ ಸೋಮವಾರ ತನ್ನದು. ಆದರೆ ಗಂಡನ ಮಾನ? ಮಾನ ಅಂದರೆ ಅವನದು ಮಾತ್ರವೇ, ತನ್ನ ಕೈಗೆ ಮಾನವಿಲ್ಲವೇ? ಸಿಟ್ಟು ಬಂತು, ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಬುಧವಾರ ಮೇಡಂ ಬಂದರು. ಹಾಲ್ ತುಂಬ ಬಣ್ಣದ ಕಾಗದ, ವೇದಿಕೆ ತುಂಬ ಬೋಧಕರು. ಜಾಗ ಸಾಲದೆ ಕೆಲವು ಬೋಧಕರು ಕಿಟಕಿಯಲ್ಲಿ ಕೂತಿದ್ದರು. ಕೆಳಗೆ, ನೋಡುವವರ ಜಾಗದಲ್ಲಿ, ಅತ್ತಿಗೆ ಒಬ್ಬಳೇ. ಸಾಹೇಬರು ನಡುಗುವ ದನಿಯಲ್ಲಿ ಎಲ್ಲ ವಿವರಿಸಿದರು. ಮೇಡಂ ಕನ್ನಡಕ ತೆಗೆದು ಒರೆಸಿ ಕೇಳಿದರು: “ಅಲ್ಲಾ, ಇಡೀ ಕೇರಿಯಲ್ಲಿ ಬುಟ್ಟಿ ಹೆಣೆಯೋಕೆ ಬರದೇ ಇರೋರು ಒಬ್ಬರೂ ಇಲ್ವಾ?”

ಅತ್ತಿಗೆ ಎದ್ದು ನಿಂತಳು. “ಇದ್ದಾರೆ. ನಮ್ಮ ಯಜಮಾನ್ರು. ಅವರಿಗೆ ಬೆತ್ತ ಹಿಡಿಯೋಕೂ ಬರಲ್ಲ.”

ಹಾಲ್ ತುಂಬ ನಗು ಎದ್ದಿತು ನೋಡಿ! ಗೊಣಗ ಹುಟ್ಟಿದ ಮೇಲೆ ಮೊದಲ ಸಲ ನಕ್ಕ. ಸಾಹೇಬರು ನಕ್ಕರು. ಕಿಟಕಿಯಲ್ಲಿದ್ದ ಒಬ್ಬ ಬೋಧಕ ನಗುತ್ತ ಹೊರಗೆ ಬಿದ್ದ. “ಅತ್ತಿಗೆ ಅಂದ್ರೆ ಅತ್ತಿಗೆ! ಅಣ್ಣನಿಗೇ ಬರಲ್ಲವಂತೆ!” ಅಣ್ಣನೂ ನಕ್ಕ, ಸಂತೆಯಲ್ಲಿ ನಗುತ್ತಿದ್ದ ಅದೇ ಹಲ್ಲುಬಿಟ್ಟ ನಗು. ಅತ್ತಿಗೆಗೆ ನಿಜ ಹೇಳಿದರೂ ದಕ್ಕಲಿಲ್ಲ. ಕೂತುಕೊಂಡು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೇಡಂಗೆ ಖುಷಿಯಾಗಿತ್ತು. “ಹಾಗಾದರೆ ಮುಖ್ಯ ಬೋಧಕರ ಕೈಚಳಕವನ್ನೇ ನೋಡೋಣ,” ಅಂದರು. ಮೇಜು ಬಂತು, ನೆನೆಸಿದ ಬೆತ್ತ ಬಂತು.

ಅಣ್ಣನಿಗೆ ಜಾರಿಕೊಳ್ಳುವುದು ಕಷ್ಟವೇನಿರಲಿಲ್ಲ. ಬೆರಳು ನೋವು ಅಂದಿದ್ದರೆ ನಂಬುತ್ತಿದ್ದರು, ಇಂಥ ದೊಡ್ಡವರ ಮುಂದೆ ನನ್ನ ಕೈ ಎಷ್ಟರದು ಅಂದಿದ್ದರೆ ಚಪ್ಪಾಳೆ ತಟ್ಟುತ್ತಿದ್ದರು. ಬಾಯಿ ತೆರೆದ. ಕೆಳಗೆ ಹೆಂಡತಿಯ ಭುಜ ಅದುರುವುದು ಕಾಣಿಸಿತು. ಬಾಯಿ ಮುಚ್ಚಿದ. ಬೆನ್ನ ಹಿಂದಿನಿಂದ ಕೈ ತೆಗೆದು ಬೆತ್ತ ಹಿಡಿದ.

ಕೈ ತೋರಿಸಿ ಅವಲಕ್ಷಣ ಅನ್ನಿಸಿಕೊಳ್ಳುವುದು ಅಂದರೆ ಅದು. ಬೆತ್ತದ ಹೊಳೆಯುವ ಮೈಯನ್ನು ಒಳಗೆ ಹಾಕಿದ, ಅಡ್ಡ ಹೋಗಬೇಕಾದ್ದನ್ನು ಉದ್ದ ಹಾಕಿದ, ತನ್ನ ಅಂಗಿಯ ಗುಂಡಿಯನ್ನೂ ಸೇರಿಸಿ ಹೆಣೆದ. ಬಿಡಿಸಿಕೊಳ್ಳಲು ಹೋಗಿ ಗುಂಡಿ ಕಿತ್ತುಬಂತು. ಕೊನೆಗೆ ಎತ್ತಿ ಹಿಡಿದ ವಸ್ತುವನ್ನು ಕಾಗೆ ನೋಡಿದ್ದರೆ, ತನ್ನ ಗೂಡಲ್ಲ ಅಂತ ಕೋರ್ಟಿಗೆ ಹೋಗುತ್ತಿತ್ತು.

ಚಪ್ಪಾಳೆಯ ಸುರಿಮಳೆ! “ಎಂಥಾ ಅಭಿನಯ! ನಾವು ಇಷ್ಟು ಜನ ಸೇರಿ ಒಂದು ತಪ್ಪು ಗಂಟು ಹಾಕಕ್ಕಾಗಲಿಲ್ಲ, ಅಣ್ಣ ನೋಡಿ, ಒಂದೂ ಸರಿಯಿಲ್ಲ! ಇದು ಗುರು ಅಂದ್ರೆ!”

“ಅಭಿನಯ ಅಲ್ಲ,” ಅಂದ ಅಣ್ಣ. “ನನಗೆ ಬರಲ್ಲ.” ಚಪ್ಪಾಳೆ ಇನ್ನೂ ಜೋರಾಯಿತು. “ಅಯ್ಯೋ, ನಿಜವಾಗ್ಲೂ ಬರಲ್ಲ ಕಣ್ರೋ!” ಅಂತ ಕೂಗಿದ. ಮೇಡಂ ಎದ್ದು ನಿಂತು ತಟ್ಟಿದರು.

ಆಗ ಅತ್ತೆ ಕುರ್ಚಿಯಿಂದ ಎದ್ದಳು. “ಸಾಕು ಮಾಡ್ರೋ! ನಾಟಕ ಅಲ್ಲ, ಏನೂ ಅಲ್ಲ. ನನ್ನ ಮಗನಿಗೆ ಬರಲ್ಲ. ಹೆತ್ತಿದ್ದು ನಾನು, ನನಗೆ ಗೊತ್ತಿಲ್ವಾ? ಬುಟ್ಟಿ ಎಲ್ಲಾ ಇವಳದು, ಮದುವೆ ಆದಾಗಿನಿಂದ ಇವಳದೇ.”

ಚಪ್ಪಾಳೆ ನಿಂತಿತು. ಅಣ್ಣ ತಲೆ ತಗ್ಗಿಸಿ ನಿಂತಿದ್ದ. ಸಾಹೇಬರು ಅವನನ್ನೂ ಆ ಗೂಡನ್ನೂ ಮತ್ತೆ ಮತ್ತೆ ನೋಡಿದರು. ಎರಡೂ ಕಣ್ಣಿಂದ ನೀರು ಸುರಿಯಿತು. “ಸಿಕ್ಕಿದ!” ಅಂತ ಕಿರುಚಿದರು. “ಏನೂ ಬಾರದವನು ಸಿಕ್ಕಿದ! ಕೇಂದ್ರ ಉಳಿಯಿತು!” ಓಡಿ ಬಂದು ಅವನ ಕೊರಳಿನ ಚೀಟಿ ತೆಗೆದು, ಹಾರ ಹಾಕಿ, ಚಾಪೆಯ ಮೇಲೆ ಕೂರಿಸಿದರು. ಕೇರಿಯವರು ಹೆಗಲ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ.

ಗುರುವಾರ ಪಾಠ ಶುರುವಾಯಿತು. ಹೊಸ ಶಿಷ್ಯ ಸಿಕ್ಕ ಆಸೆಗೆ ಬೋಧಕರೆಲ್ಲ ಒಟ್ಟಿಗೇ ಕಲಿಸಲು ಬಿದ್ದರು. ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು “ಎಲ್ಲಾ ಹೊರಗೆ ನಡೀರಿ! ಇವರು ನನ್ನ ಪಾಲು,” ಅಂದಳು. ಬಾಗಿಲು ಹಾಕಿಕೊಂಡಳು.

ಅಂಥ ಕೆಟ್ಟ ಶಿಷ್ಯ ವೈರಿಗೂ ಬೇಡ. ವೇದಿಕೆಯ ಮೇಲೆ ಅಷ್ಟು ಹೇಳಿದ್ದ ಮನುಷ್ಯ ಚಾಪೆಯ ಮೇಲೆ ಕೂತ ಕೂಡಲೇ ಮತ್ತೆ ಮೊದಲಿನ ಅಣ್ಣ.

“ಹೊಳೆಯೋ ಮೈ ಹೊರಗೆ ಬರಬೇಕು ರೀ.”

“ಗೊತ್ತು.”

“ಎಳೆದು ಹಿಡೀರಿ.”

“ಗೊತ್ತು ಗೊತ್ತು.”

“ಎಲ್ಲಾ ಗೊತ್ತಿದ್ದರೆ ಇಲ್ಲಿ ಯಾಕೆ ಕೂತಿದ್ದೀರಿ?” ಅಂತ ಅವಳ ದನಿ ಏರಿತು. “ಇಷ್ಟು ವರ್ಷ ನನ್ನ ಕೈಯನ್ನ ಸಂತೆಯಲ್ಲಿ ನಿಮ್ಮದು ಅಂತ ಮಾರಿದಿರಲ್ಲ, ಒಂದು ದಿನ, ಒಂದೇ ಒಂದು ದಿನ, ಇದು ನನ್ನವಳದು ಅಂತ ಬಾಯಿ ತುಂಬ ಹೇಳೋಕೆ ನಿಮಗೇನಾಗಿತ್ತು?”

ಅವನು ತಲೆ ಎತ್ತದೆ ಅವಳ ಬೆರಳು ನೋಡಿ ನೋಡಿ, ಅವಳು ಹಾಕಿದ ಸುತ್ತಿಗೆ ತಾನೊಂದು ಸುತ್ತು ಹಾಕುತ್ತ ಹೋದ. ಬೆರಳ ತುದಿ ಸೀಳಿ ರಕ್ತ ಬಂತು, ಅದನ್ನೂ ಅವಳಿಗೆ ಕಾಣದ ಹಾಗೆ ಅಂಗಿಗೆ ಒರೆಸಿಕೊಂಡ. ಭಾನುವಾರ ಒಂದು ಬುಟ್ಟಿ ಎದ್ದು ನಿಂತಿತು. ನಿಂತಿತು ಅಂದರೆ, ಒಂದು ಕಡೆ ವಾಲಿಕೊಂಡು ನಿಂತಿತು. ಸಾಹೇಬರು ಅದನ್ನು ಬುಟ್ಟಿಯೇ ಅಂತ ಒಪ್ಪಿಕೊಂಡು ಅತ್ತಿಗೆಯ ಸರ್ಟಿಫಿಕೇಟಿಗೆ ಮುದ್ರೆ ಒತ್ತಿದರು.

ಸೋಮವಾರ ಬೆಳಗಿನ ಬಸ್ಸಿಗೆ ಅತ್ತಿಗೆ ಹೊರಟಳು. ಕಳಿಸಿಕೊಡಲು ಕೇರಿಯೆಲ್ಲ ಬಂದಿತ್ತು. ಕತ್ತಿ ಹಿಡಿಯುವಾಗ ಹುಷಾರು ಅಂತ ಒಬ್ಬರು, ಏನೂ ಆಗಲ್ಲ ಬಿಡಿ ಅಂತ ಗೊಣಗ, ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತ ಅತ್ತೆ. ಅಣ್ಣ ಮಾತ್ರ ಕಾಣಲಿಲ್ಲ. ಬರಲ್ಲ ಅಂದುಕೊಂಡೇ ಇದ್ದೆ, ಅಂತ ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಕಿಟಕಿಯ ಪಕ್ಕವೇ ಕೂತಳು.

ಬಸ್ಸು ಹೊರಟಿತು. ಆಗ ಕೇಂದ್ರದ ಗೇಟಿನಿಂದ ಅಣ್ಣ ಓಡಿಬಂದ. ಕೈಯಲ್ಲಿ ಅರ್ಧ ಹೆಣೆದ ಬುಡ, ಸುತ್ತಲೂ ಮುರಿದು ಜೋತುಬಿದ್ದ ಕಡ್ಡಿಗಳು. ಬಸ್ಸಿನ ಪಕ್ಕಕ್ಕೇ ಓಡುತ್ತ ಕೂಗಿದ:

“ಏ, ಇವಳೇ! ಮೇಲಕ್ಕೆ ಬಗ್ಗಿಸಿದ್ರೆ ಎಲ್ಲಾ ಮುರೀತಾ ಇದೆ. ಯಾಕೆ? ನನಗೆ ಗೊತ್ತಾಗ್ತಿಲ್ಲ. ಹೇಳೇ!”

ಅತ್ತಿಗೆ ಮೊದಲು ತನ್ನ ಕಿವಿಯನ್ನೇ ನಂಬಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾಯಿತು, ಆ ಮನುಷ್ಯ ಅವಳ ಹತ್ತಿರ ತನಗೆ ಗೊತ್ತಿಲ್ಲದ್ದು ಒಂದನ್ನು ಕೇಳಿದ್ದು ಅದೇ ಮೊದಲು. ಕಣ್ಣು ತುಂಬಿ ರಸ್ತೆಯೇ ಮಂಜಾಯಿತು. ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದಳು. ಕಂಡಕ್ಟರ್ ಬೈದದ್ದು ಅವಳಿಗೆ ಕೇಳಿಸಲೇ ಇಲ್ಲ.

“ನೀರು ಸಾಲದು ರೀ! ಮತ್ತೆ ನೆನೆಸಿ! ಬಗ್ಗಿಸೋ ಜಾಗಾನ ಉಗುರಲ್ಲಿ ಒತ್ತಿ, ನಿಧಾನಕ್ಕೆ! ಅವಸರ ಮಾಡಬೇಡಿ! ಕೇಳಿಸ್ತಾ?”

“ಕೇಳಿಸ್ತು! ಇನ್ನೊಂದು ಸಲ ಹೇಳು!”

ಅವಳು ಇನ್ನೊಂದು ಸಲ ಹೇಳಿದಳು. ಅವನು ತಲೆಯಾಡಿಸುತ್ತ ಓಡುತ್ತಿದ್ದ; ಅವನ ಹಿಂದೆ, ಇದ್ದ ಒಬ್ಬ ವಿದ್ಯಾರ್ಥಿಯೂ ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಅಂತ ಹೆದರಿದ ಇಡೀ ಕೇರಿಯ ಮೇಷ್ಟ್ರುಗಳು, ಕೊರಳ ಚೀಟಿ ಹಾರಾಡಿಸುತ್ತ ಓಡುತ್ತಿದ್ದರು. ಬಸ್ಸು ತಿರುವು ದಾಟಿ ಅವರೆಲ್ಲ ಮರೆಯಾಗುವವರೆಗೂ ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಪಾಠ ಹೇಳುತ್ತಲೇ ಇದ್ದಳು.